ಟೈರಿನ ಮೇಲೆ ಬಂದ ಸಮಾಚಾರ

ಭದ್ರಾವತಿಯಿಂದ ಬಂದ ಬೆಳಗಿನ ಬಸ್ಸು ಶಿವಮೊಗ್ಗದ ನಿಲ್ದಾಣದಲ್ಲಿ ನಿಂತು ಎಂಜಿನ್ ಇನ್ನೂ ಆರಿರುವುದಿಲ್ಲ, ಎಲ್ಲಿಂದಲೋ ಒಂದು ಕಂದು ನಾಯಿ ಹಾಜರ್. ಹಿಂದಿನ ಚಕ್ರವನ್ನು ಕೆಳಗಿನಿಂದ ಮೇಲಕ್ಕೆ ಮೂಸುತ್ತದೆ, ಒಂದು ಕ್ಷಣ ಯೋಚಿಸಿದಂತೆ ನಿಲ್ಲುತ್ತದೆ, ಆಮೇಲೆ ಕಾಲೆತ್ತಿ ತನ್ನ ಕೆಲಸ ಮುಗಿಸಿ ಮುಂದಿನ ಚಕ್ರಕ್ಕೆ ನಡೆಯುತ್ತದೆ. ಕಂಡಕ್ಟರು ‘ಹಚಾ’ ಎಂದರೆ ಎರಡು ಹೆಜ್ಜೆ ಸರಿದು, ಅವರು ಬೆನ್ನು ತಿರುಗಿಸಿದೊಡನೆ ಮತ್ತೆ ಅಲ್ಲಿಗೇ. ಪಕ್ಕದಲ್ಲೇ ವಿದ್ಯುತ್ ಕಂಬ ಇದ್ದರೂ ಬಸ್ಸಿನ ಟೈರೇ ಏಕೆ ಬೇಕು?

ಕಂಬ ಊರಲ್ಲೇ ಇರುತ್ತದೆ, ಟೈರು ಊರೂರು ತಿರುಗುತ್ತದೆ. ನಾಯಿಯ ಮೂತ್ರದ ವಾಸನೆಯಲ್ಲಿ ಅದು ಗಂಡೋ ಹೆಣ್ಣೋ, ಬೆದೆಗೆ ಬಂದಿದೆಯೋ, ಗುರುತಿನದೋ ಅಪರಿಚಿತವೋ ಎಂಬುದೆಲ್ಲ ಇನ್ನೊಂದು ನಾಯಿಯ ಮೂಗಿಗೆ ತಿಳಿಯುತ್ತದೆ. ಭದ್ರೆಯ ದಡದ ನಾಯಿ ರಾತ್ರಿ ಹಾಕಿದ ಕಾಗದವನ್ನು ತುಂಗೆಯ ದಡದ ನಾಯಿ ಬೆಳಿಗ್ಗೆ ಓದಿ, ಅದರ ಮೇಲೇ ಉತ್ತರ ಬರೆದು ಕಳಿಸುತ್ತದೆ. ಅಂಚೆ ಚೀಟಿಯ ಖರ್ಚೂ ಇಲ್ಲ.

ವಿದೇಶಗಳ ದೊಡ್ಡ ನಗರಗಳಲ್ಲಿ ನಾಯಿಗಳಿಗೆಂದೇ ಬೇಲಿ ಹಾಕಿದ ಉದ್ಯಾನಗಳಿವೆ. ಮಾಲೀಕರು ಕರೆತಂದು ಹಗ್ಗ ಬಿಚ್ಚಿ, ಬೆಂಚಿನ ಮೇಲೆ ಕುಳಿತು ನೋಡುತ್ತಾರೆ. ಈ ಅವಳಿ ಊರುಗಳಲ್ಲಿ ಆ ನೋಟಕ್ಕೆ ಟಿಕೆಟ್ಟೂ ಬೇಡ, ಬೇಲಿಯೂ ಬೇಡ. ಶಿವಮೊಗ್ಗದ ಗಾಂಧಿ ಪಾರ್ಕಿನ ಆಸುಪಾಸು, ತುಂಗೆಯ ದಡ, 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ವಸತಿಗೃಹಗಳ ಮರಗಳ ಸಾಲು, ಎಲ್ಲವೂ ಬೆಳಗಿನ ಹೊತ್ತು ಅವುಗಳದೇ ಮೈದಾನ. ವಾಯುವಿಹಾರಕ್ಕೆ ಬಂದವರು ಹತ್ತು ನಿಮಿಷ ನಿಂತು ನೋಡಿದರೆ ಸಾಕು.

ಎರಡು ನಾಯಿಗಳು ಕಚ್ಚಾಡುತ್ತಿವೆ ಎಂದು ಮಕ್ಕಳು ಹೆದರಿ ಓಡುವ ದೃಶ್ಯವನ್ನೇ ತೆಗೆದುಕೊಳ್ಳಿ. ಗುರುಗುಟ್ಟುವಿಕೆ ಇದೆ, ಹಲ್ಲು ಕಾಣುತ್ತಿದೆ, ಒಂದು ಇನ್ನೊಂದರ ಕುತ್ತಿಗೆಗೆ ಬಾಯಿ ಹಾಕಿದೆ. ಆದರೆ ಅದಕ್ಕೆ ಮೊದಲು ಏನಾಯಿತು? ಒಂದು ನಾಯಿ ಮುಂಗಾಲು ಚಾಚಿ, ಎದೆಯನ್ನು ನೆಲಕ್ಕೆ ತಾಗಿಸಿ, ಹಿಂಭಾಗ ಎತ್ತಿ ಬಾಲ ಆಡಿಸಿತ್ತು. ‘ಇನ್ನು ಮುಂದೆ ನಾನು ಮಾಡುವುದೆಲ್ಲ ಆಟ’ ಎಂಬ ಮುನ್ಸೂಚನೆ ಅದು. ಆಟದ ನಡುವೆ ಹಲ್ಲು ಸ್ವಲ್ಪ ಜೋರಾಗಿ ತಗುಲಿದರೆ ಮತ್ತೊಮ್ಮೆ ಬಾಗುವುದುಂಟು. ದೊಡ್ಡ ನಾಯಿ ತಾನಾಗಿ ಮಗುಚಿ ಬಿದ್ದು ಮರಿಗೆ ಹೊಟ್ಟೆ ತೋರಿಸುವುದೂ ಸೋಲಲ್ಲ, ಅಣ್ಣ ತಮ್ಮನಿಗೆ ಕ್ರಿಕೆಟ್ಟಿನಲ್ಲಿ ಬೇಕೆಂದೇ ಔಟಾದಂತೆ.

ಬಾಲ ಆಡಿಸುವುದೆಲ್ಲ ಸ್ನೇಹವಲ್ಲ ಎಂಬುದು ಮಾತ್ರ ನೆನಪಿರಲಿ. ಇಟಲಿಯ ವಿಜ್ಞಾನಿಗಳು 2007ರಲ್ಲಿ 30 ನಾಯಿಗಳನ್ನು ಪರೀಕ್ಷಿಸಿ ಪ್ರಕಟಿಸಿದ ವರದಿಯಂತೆ, ಯಜಮಾನನನ್ನು ಕಂಡಾಗ ಬಾಲ ಹೆಚ್ಚಾಗಿ ಬಲಕ್ಕೆ ವಾಲುತ್ತದೆ, ಗುರುತಿಲ್ಲದ ಗಡವ ನಾಯಿಯನ್ನು ಕಂಡಾಗ ಎಡಕ್ಕೆ. ಜೆಕ್ ಮತ್ತು ಜರ್ಮನ್ ಸಂಶೋಧಕರದು ಇನ್ನೂ ತಮಾಷೆಯ ಕೆಲಸ. ಭೂಮಿಯ ಕಾಂತಕ್ಷೇತ್ರ ಶಾಂತವಾಗಿದ್ದಾಗ ನಾಯಿಗಳು ಮಲವಿಸರ್ಜನೆಗೆ ಉತ್ತರ-ದಕ್ಷಿಣವಾಗಿ ನಿಲ್ಲಲು ಇಷ್ಟಪಡುತ್ತವೆ ಎಂದು ಅವರು 70 ನಾಯಿಗಳನ್ನು ಗಮನಿಸಿ ಹೇಳಿದರು. 2014ರಲ್ಲಿ ಅವರಿಗೆ ಇಗ್ ನೊಬೆಲ್ ಬಹುಮಾನ ಬಂತು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವಂಥದು. ಹೈಸ್ಕೂಲಿನ ಮಕ್ಕಳು ಒಂದು ದಿಕ್ಸೂಚಿ, ಒಂದು ನೋಟ್‌ಬುಕ್ ಹಿಡಿದು ನಿಜವೋ ಸುಳ್ಳೋ ಪರೀಕ್ಷಿಸಬಹುದು. ದೂರದಿಂದ, ಅಷ್ಟೆ.

ರೈಲಿನ ಉದ್ದನೆಯ ಸೀಟಿಗೆ ನಾಯಿಗಳು ಮೋರೆ ಎತ್ತಿ ಊಳಿಡುತ್ತವೆ. ಯಮದೂತರು ಕಂಡರು, ಯಾರಿಗೋ ಕಾದಿದೆ ಎಂದು ಅಜ್ಜಿಯಂದಿರು ಹೇಳುತ್ತಾರೆ. ತೋಳದ ಕುಲದ ಈ ಪ್ರಾಣಿಗೆ ದೂರದ ಎಳೆದ ಸ್ವರ ತನ್ನವರ ಕರೆಯಂತೆ ಕೇಳುತ್ತದೆ, ಅದಕ್ಕೆ ಓಗೊಡುತ್ತದೆ ಎಂಬುದೇ ಹೆಚ್ಚು ನಂಬುವಂಥ ವಿವರಣೆ. ಯಮನಿಗೆ ರೈಲ್ವೆ ವೇಳಾಪಟ್ಟಿಯ ಹಂಗೇಕೆ?

ಸೈಕಲ್ಲು, ಸ್ಕೂಟರುಗಳ ಹಿಂದೆ ಓಡುವ ಚಾಳಿ ಮಾತ್ರ ನಗುವ ವಿಷಯವಲ್ಲ. ಓಡುವುದನ್ನು ಅಟ್ಟುವುದು ಬೇಟೆಯ ಹಳೆಯ ಗುಣ. ಆದ್ದರಿಂದಲೇ ವಾಹನ ನಿಂತರೆ ಎಷ್ಟೋ ಬಾರಿ ನಾಯಿಯೂ ಪೆಚ್ಚಾಗಿ ನಿಲ್ಲುತ್ತದೆ, ಹಿಡಿದು ಏನು ಮಾಡಬೇಕೆಂದು ಅದಕ್ಕೂ ಗೊತ್ತಿಲ್ಲ. ಶಾಲೆಗೆ ನಡೆದುಹೋಗುವ ಮಗುವಿಗೆ ಹೆತ್ತವರು ಹೇಳಿಕೊಡಬೇಕಾದದ್ದು ಇದು: ಓಡಬೇಡ, ಕೂಗಬೇಡ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡ, ಕೈ ಇಳಿಬಿಟ್ಟು ಮರದಂತೆ ನಿಲ್ಲು. ಮೈ ಸೆಟೆದು, ಬಾಲ ನಿಗುರಿಸಿ, ರೆಪ್ಪೆ ಬಡಿಯದೆ ನೋಡುವ ನಾಯಿಯಿಂದ ಮೆಲ್ಲನೆ ಹಿಂದೆ ಸರಿಯಬೇಕು. ಕಚ್ಚಿದರೆ, ಪರಚಿದರೂ ಸರಿ, ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಅರಿಸಿನ, ಸುಣ್ಣ, ಮೆಣಸಿನಪುಡಿ ಹಚ್ಚುತ್ತ ಕೂರಬಾರದು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಅತಿ ಅಪರೂಪ.

ಈ ಭಯವೇ ಕೆಲವೊಮ್ಮೆ ಕ್ರೌರ್ಯಕ್ಕೂ ದಾರಿಯಾಗಿದೆ. 2021ರ ಸೆಪ್ಟೆಂಬರಿನಲ್ಲಿ ಭದ್ರಾವತಿ ತಾಲ್ಲೂಕಿನ ಕಂಬದಾಳು-ಹೊಸೂರು ಪಂಚಾಯ್ತಿ ವ್ಯಾಪ್ತಿಯಲ್ಲಿ ನೂರಕ್ಕೂ ಹೆಚ್ಚು ಬೀದಿನಾಯಿಗಳನ್ನು ಕೊಂದು ಹೂತ ಆರೋಪದ ಪ್ರಕರಣ ಹೊರಬಂದು, ಪೊಲೀಸರು ಮೊಕದ್ದಮೆ ಹೂಡಿದರು. ನಾಯಿಗಳ ನಡವಳಿಕೆ ಬಲ್ಲವರಿಗೆ ಇದು ಕ್ರೌರ್ಯ ಮಾತ್ರವಲ್ಲ, ವ್ಯರ್ಥವೂ ಹೌದು. ಒಂದು ಬೀದಿಯ ನಾಯಿಗಳು ಪಕ್ಕದ ಬೀದಿಯದನ್ನು ಒಳಗೆ ಬಿಡುವುದಿಲ್ಲ ಎಂಬುದನ್ನು ಯಾರಾದರೂ ನೋಡಿರುತ್ತಾರೆ. ಕಾವಲಿದ್ದವು ಹೋದರೆ ಗಡಿ ತೆರೆಯುತ್ತದೆ. ಮಾಂಸದಂಗಡಿಯ, ಹೋಟೆಲಿನ ಕಸ ಹಾಗೇ ಇದ್ದರೆ ಲಸಿಕೆ ಕಾಣದ ಹೊಸ ನಾಯಿಗಳು ಬಂದು ನೆಲೆಸುತ್ತವೆ. ಸಂತಾನಶಕ್ತಿಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕೆಂದು 2023ರ ಕೇಂದ್ರ ನಿಯಮಗಳು ಹೇಳುವುದರ ಹಿಂದೆ ಈ ಲೆಕ್ಕವೂ ಇದೆ. ಕಿವಿಯ ಅಂಚಿನಲ್ಲಿ ಸಣ್ಣ ಕಚ್ಚು ಕಂಡರೆ ಆ ನಾಯಿಗೆ ಶಸ್ತ್ರಚಿಕಿತ್ಸೆ ಆಗಿದೆ ಎಂದು ತಿಳಿಯಬಹುದು.

ಬೀದಿನಾಯಿಗೆ ಮನುಷ್ಯನ ಸನ್ನೆ ಅರ್ಥವಾಗುತ್ತದೆಯೆ? ಕೋಲ್ಕತ್ತದ ಐಸರ್ ಸಂಸ್ಥೆಯ ಅನಿಂದಿತಾ ಭದ್ರಾ ಅವರ ತಂಡ ಇದನ್ನೇ ಪರೀಕ್ಷಿಸಿತು. (ನಮ್ಮ ಹೊಳೆಯ ಹೆಸರೇ ಇವರ ಅಡ್ಡಹೆಸರು.) ಯಾವ ತರಬೇತಿಯೂ ಇಲ್ಲದ ಬೀದಿನಾಯಿಗಳ ಮುಂದೆ ಮುಚ್ಚಿದ ಎರಡು ಬಟ್ಟಲಿಟ್ಟು, ಒಂದರತ್ತ ಬೆರಳು ತೋರಿಸಿದರು. ಹತ್ತಿರ ಬಂದವುಗಳಲ್ಲಿ ಶೇಕಡ 80ರಷ್ಟು ತೋರಿಸಿದ ಬಟ್ಟಲಿಗೇ ಹೋದವು ಎಂದು 2020ರಲ್ಲಿ ಪ್ರಕಟವಾಯಿತು. ಆದರೆ ಸುಮಾರು ಅರ್ಧದಷ್ಟು ನಾಯಿಗಳು ಹತ್ತಿರವೇ ಸುಳಿಯಲಿಲ್ಲ. ಹಿಂದೆ ಮನುಷ್ಯರಿಂದ ನೊಂದವು ಇದ್ದಿರಬಹುದೆಂದು ತಂಡ ಊಹಿಸಿತು. ಎತ್ತಿದ ಕೈ ಬಟ್ಟಲು ತೋರಿಸಲೋ ಕಲ್ಲೆಸೆಯಲೋ ಎಂದು ಅವು ದೂರದಲ್ಲೇ ನಿಂತು ನೋಡುತ್ತಿದ್ದವು.