ಸಂಸ್ಕಾರವೂ ಸ್ಮೃತಿಯೂ

ಅನುಭವದಿಂದ ಸಂಸ್ಕಾರವೂ, ಸಂಸ್ಕಾರದಿಂದ ಸ್ಮೃತಿಯೂ ಹುಟ್ಟುವುವೆಂದು ತಾರ್ಕಿಕರು ಹೇಳುವರು. ಸಂಸ್ಕಾರವು ಮರೆಯಲ್ಲಿ ನೆಲೆನಿಂತಿರುವುದು. ಸ್ಮೃತಿಯು ಬೇಕಾದಾಗ ಎಚ್ಚೆತ್ತು ಕೆಲಸಮಾಡುವುದು. ಮೊಬೈಲಿನಲ್ಲಿಯೂ ಇವೆರಡಕ್ಕೆ ಸದೃಶವಾದುವು ಬೇರೆಬೇರೆಯಾಗಿರಲು, ಜನರು ಎರಡನ್ನೂ ‘ಮೆಮೊರಿ’ಯೆಂಬ ಒಂದೇ ಹೆಸರಿನಿಂದ ಕರೆದು ತೊಡಕಿಗೆ ಸಿಲುಕುವರು. ರ‍್ಯಾಮ್ ಎಂಬುದು ಕೆಲಸದ ಹೊತ್ತಿನ ನೆನಪು. ವಿದ್ಯುತ್ತು ನಿಂತೊಡನೆ ಬರಿದಾಗುವುದು. ಸ್ಟೋರೇಜ್ ಎಂಬುದು ಉಗ್ರಾಣ. ವಿದ್ಯುತ್ತಿಲ್ಲದೆಯೂ ಇಟ್ಟುದನ್ನು ಕಾಪಾಡುವುದು.

ಈ ಉಗ್ರಾಣವಾದರೂ ಒಂದೇ ಕೋಣೆಯಲ್ಲ. ಫೋನನ್ನು ಎಬ್ಬಿಸುವ ಬೂಟ್‌ಲೋಡರಿಗೆ ಒಂದು, ಅದನ್ನು ನಡೆಸುವ ಸಿಸ್ಟಮಿಗೆ ಒಂದು, ನಮ್ಮ ಚಿತ್ರ, ಧ್ವನಿ, ಪತ್ರಗಳಿಗೆ ಒಂದು, ಹೀಗೆ ನಡುಗೋಡೆಗಳುಂಟು. ಆದುದರಿಂದ ಸಿಸ್ಟಮಿನ ಕೋಣೆಯಿಂದ ಬೇಡದ ಆಪ್‌ಗಳನ್ನು ಹೊರಹಾಕಿದರೂ ನಮ್ಮ ಕೋಣೆಯು ಅಗಲವಾಗದು. 2008ರಲ್ಲಿ ಬಂದ ಮೊದಲ ಆಂಡ್ರಾಯ್ಡ್ ಫೋನಾದ ಎಚ್‌ಟಿಸಿ ಡ್ರೀಮಿನ ಉಗ್ರಾಣವೆಲ್ಲ ಸೇರಿ 256 ಮೆಗಾಬೈಟು. ಎಡೆ ಸಾಲದೆ ಉತ್ಸಾಹಿಗಳು ಆಪ್‌ಗಳನ್ನು ಎಸ್‌ಡಿ ಕಾರ್ಡಿಗೆ ಸಾಗಿಸುವ ಫರ್ಮ್‌ವೇರುಗಳನ್ನು ರಚಿಸಿದರು. 2010ರ ಆಂಡ್ರಾಯ್ಡ್ 2.2ರಲ್ಲಿ ಆ ಸೌಕರ್ಯವು ಅಧಿಕೃತವಾಗಿಯೇ ದೊರೆಯಿತು.

ಫರ್ಮ್‌ವೇರ್ ಬದಲಿಸುವುದೆಂದರೆ ಸಿಸ್ಟಮಿನ ಕೋಣೆಯಲ್ಲಿ ಬೇರೊಂದನ್ನು ತುಂಬುವುದು. ಅದಕ್ಕೆ ಮೊದಲು ಬೂಟ್‌ಲೋಡರಿನ ಬೀಗವನ್ನು ತೆಗೆಯಬೇಕು. ತೆಗೆದರೆ ಸಾಮಾನ್ಯವಾಗಿ ನಮ್ಮ ಕೋಣೆಯಲ್ಲಿರುವುದೆಲ್ಲವೂ ಅಳಿಸಿಹೋಗುವುದು. ಫೋನನ್ನು ಕದ್ದವನು ತನ್ನ ಸಿಸ್ಟಮನ್ನು ತುಂಬಿ ನಮ್ಮ ಗುಟ್ಟುಗಳನ್ನು ಓದಬಾರದೆಂದೇ ಈ ಕಟ್ಟು.

ನನ್ನ ಫೋನಿಗೆ ಕಂಪನಿಯ ಪರಿಷ್ಕರಣಗಳು ಬರುವುದು ನಿಂತು ವರ್ಷಗಳಾಗಿದ್ದುವು. ಸೈನೋಜೆನ್‌ಮಾಡ್ 2016ರಲ್ಲಿ ನಿಂತಮೇಲೆ ಅದರ ಸ್ಥಾನಕ್ಕೆ ಬಂದ ಲಿನಿಯೇಜ್ ಓಎಸನ್ನು ಹಾಕಿಕೊಡುವೆನೆಂದು ಮೊಮ್ಮಗನು ಮುಂದೆ ಬಂದನು. ಆದರೆ ಗತಿಸಿದ ನನ್ನ ಗೃಹಿಣಿಯು ಹಾಡಿದ ಹಸೆಯ ಹಾಡುಗಳು ಇದ್ದುದು ಆ ಫೋನಿನಲ್ಲಿ ಮಾತ್ರ. “ತಾತ, ಬೀಗ ತೆಗೆದರೆ ಅಜ್ಜಿಯ ಧ್ವನಿ ಮತ್ತೆ ಸಿಗೋದಿಲ್ಲ. ಮೊದಲು ಅದನ್ನ ಹೊರಗೆ ತೆಗೆದಿಡೋಣ” ಎಂದನು. ಗಣಕಯಂತ್ರಕ್ಕೆ ಒಂದು ಪ್ರತಿ, ಪೆನ್‌ಡ್ರೈವಿಗೆ ಇನ್ನೊಂದು ಪ್ರತಿ ಮಾಡಿ, ಒಂದೊಂದು ಹಾಡನ್ನೂ ಕೊನೆಯವರೆಗೆ ಕೇಳಿದೆವು. ಆ ಸಂಜೆ ನಾವಿಬ್ಬರೂ ಹೆಚ್ಚು ಮಾತನಾಡಲಿಲ್ಲ. ಅನಂತರವೇ ಅವನು ಬೀಗವನ್ನು ತೆಗೆದನು. ಫೋನು ಈಗ ಚುರುಕಾಗಿ ನಡೆಯುತ್ತಿರುವುದು. ರ‍್ಯಾಮಿನ ಅಳತೆಯು ಮಾತ್ರ ಮೊದಲಿನದೇ. ಹೊಸ ಫರ್ಮ್‌ವೇರು ಇರುವುದನ್ನು ಮಿತವಾಗಿ ಬಳಸಬಲ್ಲುದಲ್ಲದೆ ಬೆಳೆಸಲಾರದು.

ಪಾಠಶಾಲೆಯಲ್ಲಿ ಕಲಿತುದನ್ನು ನಾವು ಸಹಪಾಠಿಗಳಿಗೆ ಒಪ್ಪಿಸಿ ತೋರಿಸಬೇಕಾಗಿದ್ದಿತು. ಒಂದೇ ಕಂಠದಲ್ಲಿರುವ ವಿದ್ಯೆಯು ಆ ಕಂಠದೊಡನೆಯೇ ಹೋಗುವುದೆಂಬ ಎಚ್ಚರಿಕೆಯು ಅದರಲ್ಲಿ ಅಡಗಿದ್ದಿತು. ವಾಚಕ ಮಹಾಶಯರೂ ಫೋನಿನ ಬೀಗಕ್ಕೆ ಕೈಯಿಡುವ ಮುನ್ನ ತಮ್ಮ ಸಂಸ್ಕಾರವನ್ನು ಎರಡು ಕಡೆ ನೆಲೆಗೊಳಿಸಿ, ಅದು ಸ್ಮೃತಿಗೆ ಬರುವುದೋ ಎಂದು ಒಮ್ಮೆ ತೆರೆದು ನೋಡಲಿ.