ಉಳುವವನ ಹೆಸರಿಗೊಂದು ಕಾಗದ

ಹೆಸರಿನಲ್ಲಿ ಸಮುದ್ರವಿದ್ದರೂ ಬ್ರಹ್ಮಸಮುದ್ರದ ರೈತ ನಂಬಿರುವುದು ಮಳೆಯನ್ನೇ. ವೇದಾವತಿಯ ಭೈರವಾನಿತಿಪ್ಪ ಜಲಾಶಯ ಸಮೀಪದಲ್ಲೇ ಇದೆ; ಆದರೂ ಅನಂತಪುರ ಜಿಲ್ಲೆಯ ಈ ಸೀಮೆಯಲ್ಲಿ ಶೇಂಗಾ ಬೆಳೆ ಮುಂಗಾರಿನ ಕೃಪೆ. ಮಳೆ ಬೀಳುವ ಮೊದಲೇ ಬೀಜಕ್ಕೆ, ಗೊಬ್ಬರಕ್ಕೆ ಕೈಯಲ್ಲಿ ಹಣವಿರಬೇಕು. 2020ರ ಮಾರ್ಚ್ 25ರಂದು ಲಾಕ್‌ಡೌನ್ ಆರಂಭವಾದಾಗ ಸಂತೆಯೂ ಕೂಲಿಯೂ ನಿಂತು, ಆ ಹಣದ ದಾರಿಯೇ ಮುಚ್ಚಿತು.

ಮರುದಿನವೇ ಕೇಂದ್ರ ಸರಕಾರ ಪರಿಹಾರ ಘೋಷಿಸಿತು. ಪಿಎಂ ಕಿಸಾನ್ ಯೋಜನೆಯ ವಾರ್ಷಿಕ 6,000 ರೂಪಾಯಿಯಲ್ಲಿ 2,000 ರೂಪಾಯಿ ಏಪ್ರಿಲ್‌ನಲ್ಲೇ ರೈತರ ಖಾತೆಗೆ ಬಂತು. ಮೇ 15ರಂದು ಆಂಧ್ರ ಸರಕಾರ ರೈತು ಭರೋಸಾದಡಿ 5,500 ರೂಪಾಯಿ ನೀಡಿತು. ಇವು ಹೊಸ ಹಣವಲ್ಲ, ಮೊದಲೇ ಇದ್ದ ಯೋಜನೆಗಳ ಕಂತುಗಳು. ಆದರೂ ಬಿತ್ತನೆಗೆ ಮುಂಚೆ ಕೈಸೇರಿದ 7,500 ರೂಪಾಯಿ ಬಡ ಕುಟುಂಬಕ್ಕೆ ದೊಡ್ಡ ಆಸರೆ. ಗಡಿಯಾಚೆ ಕರ್ನಾಟಕವು ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ಪರಿಹಾರ ಪ್ರಕಟಿಸಿತು. ನೆಂಟಸ್ತನಕ್ಕೆ ಗಡಿ ಇಲ್ಲದಿದ್ದರೂ ಪರಿಹಾರದ ಪಟ್ಟಿಗೆ ಗಡಿಯುಂಟು.

ಪಟ್ಟಾದಾರ್ ಪಾಸ್‌ಪುಸ್ತಕದಲ್ಲಿ ಹೆಸರಿದ್ದವನಿಗೆ ಹಣ ಸುಲಭವಾಗಿ ತಲುಪಿತು. ಪರರ ಹೊಲವನ್ನು ಗುತ್ತಿಗೆಗೆ ಮಾಡುವವನ ಗತಿಯೇನು? ಪಿಎಂ ಕಿಸಾನ್ ಭೂಮಿಯುಳ್ಳವರಿಗಷ್ಟೇ ಸಲ್ಲುತ್ತದೆ. ರೈತು ಭರೋಸಾ ಆತನನ್ನು ಮರೆಯಲಿಲ್ಲ: ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ಭೂರಹಿತ ಗುತ್ತಿಗೆದಾರರಿಗೆ ವರ್ಷದ 13,500 ರೂಪಾಯಿಯನ್ನೂ ರಾಜ್ಯವೇ ಕೊಡುವ ನಿಯಮ ಮಾಡಿತು. ಆದರೆ ಅದಕ್ಕೆ 2019ರ ಬೆಳೆ ಸಾಗುವಳಿದಾರರ ಹಕ್ಕುಗಳ ಕಾಯಿದೆಯ ಕಾರ್ಡು ಬೇಕಿತ್ತು. ಕಾರ್ಡಿಗೆ ಹನ್ನೊಂದು ತಿಂಗಳ ಕರಾರು ಬೇಕು. ಕರಾರಿಗೆ ಭೂಮಾಲೀಕರ ಸಹಿ ಬೇಕು.

ಅಲ್ಲೇ ತೊಡಕು. ಕಾಗದ ಮಾಡಿಕೊಟ್ಟರೆ ನಾಳೆ ಹೊಲವೇ ಕೈಬಿಟ್ಟೀತೆಂಬ ಅಂಜಿಕೆ ಮಾಲೀಕರಲ್ಲಿದೆ. ಅದು ನಿರಾಧಾರವಾಗಿ ಹುಟ್ಟಿದ್ದಲ್ಲ. 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಪಕ್ಕದ ಕರ್ನಾಟಕದಲ್ಲಿ ಗೇಣಿದಾರರು ಭೂಮಿಯ ಒಡೆಯರಾದುದನ್ನು ಗಡಿಯ ಹಿರಿಯರು ಕಂಡಿದ್ದಾರೆ. ಆದರೆ 2019ರ ಕಾಯಿದೆಯ ಮಾತೇ ಬೇರೆ. ಅದು ಕೊಡುವುದು ಬೆಳೆಯ ಮೇಲಿನ ಹಕ್ಕು ಮಾತ್ರ: ಬೆಳೆಸಾಲ, ವಿಮೆ, ನಷ್ಟಪರಿಹಾರ. ಭೂಮಿಯ ಒಡೆತನಕ್ಕೆ ಅದರಿಂದ ಧಕ್ಕೆಯಿಲ್ಲ. ಬಾಯಿಮಾತಿನ ಗುತ್ತಿಗೆಯಲ್ಲಾದರೋ ಬೆಳೆ ಒಣಗಿದ ವರ್ಷ ನಷ್ಟ ಉತ್ತವನದು, ಪರಿಹಾರ ಪಾಸ್‌ಪುಸ್ತಕ ಇದ್ದವನದು.

ಕನ್ನಡ ಮನೆಗಳಿಗೆ ಇನ್ನೊಂದು ಅಡಚಣೆಯುಂಟು. ಕರಾರಿನ ಭಾಷೆ ತೆಲುಗು. ಅಕ್ಷರಗಳು ಅಕ್ಕತಂಗಿಯರಂತಿದ್ದರೂ ಕಚೇರಿಯ ತೆಲುಗು ಎಲ್ಲರಿಗೂ ದಕ್ಕುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದುತ್ತ ತೆಲುಗನ್ನೂ ಕಲಿಯುವ ಮಕ್ಕಳು ಇಲ್ಲಿ ಮನೆಗೆ ನೆರವಾಗಬಲ್ಲರು. ಸರ್ವೆ ನಂಬರು, ವಿಸ್ತೀರ್ಣ, ಬೆಳೆ, ಅವಧಿ ಸರಿಯಿವೆಯೇ, ಆಧಾರ್‌ನಲ್ಲೂ ಬ್ಯಾಂಕ್ ಖಾತೆಯಲ್ಲೂ ಹೆಸರು ಒಂದೇ ಬಗೆಯಾಗಿದೆಯೇ ಎಂದು ಸಹಿಗೆ ಮೊದಲು ಅವರಿಂದ ಗಟ್ಟಿಯಾಗಿ ಓದಿಸಿ ಕೇಳಬೇಕು.

ಸೋಂಕಿನ ಕಾಲ ಕಳೆಯಿತು. ಸರಕಾರಗಳೊಡನೆ ಯೋಜನೆಗಳ ಹೆಸರೂ ಬದಲಾಗುತ್ತವೆ. ಮುಂದೆ ಬರಲ್ಲ ಬರವೋ ರೋಗವೋ ಹೇಳಿ ಬರುವುದಿಲ್ಲ; ಬಂದಾಗ ಅಧಿಕಾರಿ ಮೊದಲು ಕೇಳುವುದು ದಾಖಲೆಯನ್ನೇ. ಹೊಲದೊಡೆಯನೂ ಸಾಗುವಳಿದಾರನೂ ಮುಂಗಾರಿಗೆ ಮುನ್ನ ಕುಳಿತು ಆ ಕಾಗದ ಮಾಡಿಕೊಳ್ಳುವುದು ಇಬ್ಬರಿಗೂ ಕ್ಷೇಮ.