ನಮ್ಮ ಜೊತೆಗಾತಿ

ಡೊಂಬಿವಲಿಯಲ್ಲಿ ನಮ್ಮನ್ನು ಬಲ್ಲವರು ನಮ್ಮ ಗಾಲಿಕುರ್ಚಿಯನ್ನೂ ಅದನ್ನು ತಳ್ಳುವ ಹೆಂಗಸನ್ನೂ ಬಲ್ಲರು. ಪೋಲಿಯೋ ನಮ್ಮ ಕಾಲುಗಳನ್ನು ಬಾಲ್ಯದಲ್ಲೇ ಕಸಿದಿತ್ತು. ಊರುಗೋಲಿನ ಬಲದಿಂದಲೇ ಮೂವತ್ತು ವರ್ಷ ಲೋಕಲ್ ರೈಲು ಹತ್ತಿ ಇಳಿದು ನೌಕರಿ ಮುಗಿಸಿದೆವು. ನಿವೃತ್ತಿಯ ಹೊತ್ತಿಗೆ ತೋಳಿನ ಶಕ್ತಿಯೂ ಕುಂದಿತು. ಆಗ ನಮ್ಮ ಮನೆಗೆ ಬಂದವಳು ಈಕೆ. ಕಲಬುರಗಿ ಕಡೆಯವಳು, ಗಂಡನ ಗಾರೆ ಕೆಲಸದಿಂದಾಗಿ ಕಲ್ಯಾಣಕ್ಕೆ ಬಂದು ನೆಲೆಸಿದವಳು. ಸೊಸೈಟಿಯ ಮಂದಿಗೆಲ್ಲ ಆಕೆ ‘ಮಾವಶಿ’. ನಾವು ‘ತಂಗಿ’ ಎನ್ನುತ್ತೇವೆ, ಆಕೆ ‘ಅಕ್ಕಾರ’ ಎನ್ನುತ್ತಾಳೆ. ಬೆಳಿಗ್ಗೆ ಏಳಕ್ಕೆ ಬಂದು ನಮ್ಮನ್ನು ಹಾಸಿಗೆಯಿಂದ ಎಬ್ಬಿಸಿ ಕುರ್ಚಿಗೆ ಕೂರಿಸುವುದರಿಂದ ಹಿಡಿದು ರಾತ್ರಿ ಮತ್ತೆ ಹಾಸಿಗೆಗೆ ಸೇರಿಸುವ ತನಕ ಆಕೆಯ ದುಡಿಮೆ.

ನಿವೃತ್ತಿಯ ಬಿಡುವಿನಲ್ಲಿ ನಾಲ್ಕಾರು ಗೆಳೆಯರೊಡನೆ ಒಂದು ಕೆಲಸ ಹಚ್ಚಿಕೊಂಡೆವು. 1995ರ ಕಾಯ್ದೆ ಏಳು ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿತ್ತು. ಅದರ ಜಾಗಕ್ಕೆ ಬಂದ 2016ರ ಕಾಯ್ದೆ 21 ಬಗೆಗಳನ್ನು ಗುರುತಿಸಿ, ಸಾರ್ವಜನಿಕ ಕಟ್ಟಡಗಳೆಲ್ಲ ಅಂಗವಿಕಲರಿಗೂ ಸುಗಮವಾಗಿರಬೇಕೆಂದಿತು. ಕಾಗದದಲ್ಲಿ ಇರುವುದು ನೆಲದ ಮೇಲೆ ಎಷ್ಟಿದೆ ಎಂದು ನೋಡಬೇಡವೇ? ಥಾಣೆ, ಕಲ್ಯಾಣ, ಡೊಂಬಿವಲಿ, ನವಿಮುಂಬಯಿಗಳ ಅಂಚೆ ಕಚೇರಿ, ಬ್ಯಾಂಕು, ಮತಗಟ್ಟೆಗಳಿಗೆ ಹೋಗಿ, ಅಳೆದು, ಬರೆದು, ಸಂಬಂಧಪಟ್ಟವರಿಗೆ ಅರ್ಜಿ ಕೊಡತೊಡಗಿದೆವು. ಪೆನ್ನು ನಮ್ಮದು, ಟೇಪು ಹಿಡಿಯುವ ಕೈ ತಂಗಿಯದು.

ಕುರ್ಚಿ ಏರುವ ಇಳಿಜಾರಿಗೆ ಒಂದು ಲೆಕ್ಕವಿದೆ: 1 ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದ. ಒಂದು ಕಡೆ ಈ ಅಳತೆ ಸರಿಯಾಗಿಯೇ ಬಂತು. ನಾವು ಸಂತೋಷದಿಂದ ‘ಉತ್ತಮ’ ಎಂದು ಬರೆಯುತ್ತಿದ್ದಂತೆ ಆಕೆ ತಡೆದಳು. “ಟೇಪು ಬರೋಬ್ಬರಿ ಅಂತದ ಅಕ್ಕಾರ, ನನ್ನ ರಟ್ಟಿ ಒಲ್ಲೆ ಅಂತಾವ.” ನೋಡಿದರೆ, ಹಾಸಿದ್ದು ನುಣುಪು ಕಲ್ಲು; ತಳ್ಳುವವರ ಚಪ್ಪಲಿ ಜಾರುತ್ತಿತ್ತು. ಮೇಲೆ ತಲುಪಿದರೆ ಕುರ್ಚಿ ನಿಲ್ಲಿಸಲು ಸಮತಟ್ಟು ಜಾಗವಿಲ್ಲ, ಬಾಗಿಲು ಬೇರೆ ಹೊರಕ್ಕೆ ತೆರೆಯುವಂಥದು. ಒಂದು ಕೈಯಲ್ಲಿ ನಮ್ಮ ಭಾರ ತಡೆದು ಇನ್ನೊಂದರಲ್ಲಿ ಬಾಗಿಲೆಳೆಯಬೇಕು. ಅಂದಿನಿಂದ ನಮ್ಮ ವರದಿಯಲ್ಲಿ ಹೊಸದೊಂದು ಅಂಕಣ ಸೇರಿತು: ‘ತಳ್ಳುವವರ ಅಭಿಪ್ರಾಯ’.

ಕಚೇರಿಗಳ ಪ್ರಸಂಗಗಳು ಬೇರೆಯೇ. ಸಾಹೇಬರು ಕುರ್ಚಿಯಲ್ಲಿ ಕುಳಿತ ನಮ್ಮ ತಲೆಯ ಮೇಲಿಂದ ದೃಷ್ಟಿ ಹಾಯಿಸಿ ಆಕೆಯನ್ನು ಕೇಳುತ್ತಾರೆ: “ಹ್ಯಾಂನಾ ಕಾಯ ಪಾಹಿಜೆ?” ಕಾಲಿಲ್ಲದವರಿಗೆ ಬಾಯಿಯೂ ಇಲ್ಲವೆಂಬ ಭಾವನೆ. ಮೊದಮೊದಲು ಗಾಬರಿಯಾಗಿ ಆಕೆಯೇ ಉತ್ತರಿಸುತ್ತಿದ್ದಳು. ಈಗ, “ತ್ಯಾಂನಾಚ ವಿಚಾರಾ ಸಾಹೇಬ” ಎಂದು ಹೇಳಿ ಎರಡು ಹೆಜ್ಜೆ ಹಿಂದೆ ಸರಿಯುತ್ತಾಳೆ. ಆ ಎರಡು ಹೆಜ್ಜೆ ನಮಗೆ ಮಾಡಿದ ಉಪಕಾರ ಯಾವ ಭಾಷಣವೂ ಮಾಡಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ತಪ್ಪನ್ನೂ ಹೇಳಬೇಕು.

2016ರ ಕಾಯ್ದೆಯ 24ನೇ ಕಲಮು, ಹೆಚ್ಚಿನ ನೆರವು ಬೇಕಾದ ಅಂಗವಿಕಲರಿಗೆ ಆರೈಕೆದಾರರ ಭತ್ಯೆ ಕೊಡುವ ಮಾತನ್ನಾಡುತ್ತದೆ. ಅದನ್ನು ಕೇಳುವ ದೊಡ್ಡ ಮನವಿಯೊಂದನ್ನು ಸಿದ್ಧಪಡಿಸಿದೆವು. ಅಮೆರಿಕೆಯ ಬರ್ಕಲಿಯಲ್ಲಿ 1972ರಲ್ಲಿ ಎಡ್ ರಾಬರ್ಟ್ಸ್ ಮತ್ತು ಸಂಗಡಿಗರು ಕಟ್ಟಿದ ಸ್ವತಂತ್ರ ಜೀವನ ಕೇಂದ್ರ, 2007ರಲ್ಲಿ ಭಾರತ ಒಪ್ಪಿಕೊಂಡ ವಿಶ್ವಸಂಸ್ಥೆಯ ಒಡಂಬಡಿಕೆಯ 19ನೇ ವಿಧಿ, ಎಲ್ಲವನ್ನೂ ತಂದಿದ್ದೆವು. ಸಂಜೆ ಆಕೆ ಸೊಪ್ಪು ಸೋಸುತ್ತ ಕುಳಿತಾಗ ಕನ್ನಡದಲ್ಲಿ ಓದಿ ಹೇಳಿದೆವು. ಪೂರ್ತಿ ಕೇಳಿ, ತಲೆಯೆತ್ತದೆ ಅಂದಳು: “ಇಷ್ಟೆಲ್ಲಾ ಬರದೀರಿ. ಇದರಾಗ ನನ್ನ ಸೂಟಿ ಎಲ್ಲದ ಅಕ್ಕಾರ?”

ನಮಗೆ ಉತ್ತರ ಹೊಳೆಯಲಿಲ್ಲ. ಆರು ವರ್ಷಗಳಲ್ಲಿ ಆಕೆಗೆ ವಾರದ ರಜೆಯೆಂಬುದೇ ಇರಲಿಲ್ಲ. ಹೋಳಿಯ ನಂತರ ಬರುವ ಶರಣಬಸವೇಶ್ವರ ಜಾತ್ರೆಗೆ ಹೋಗಿಬರುತ್ತೇನೆಂದು ಆ ವರ್ಷ ಕೇಳಿದ್ದಳು. ಥಾಣೆಯಲ್ಲಿ ಸಭೆಯಿದೆ, ಮುಂದಿನ ವರ್ಷ ನೋಡೋಣ ಎಂದಿದ್ದೆವು. ಸಭೆ ಅಂಗವಿಕಲರ ಹಕ್ಕುಗಳ ಬಗ್ಗೆ! ಆಕೆ ಮರುಮಾತಾಡದೆ ಕುರ್ಚಿ ತಳ್ಳಿಕೊಂಡು ಬಂದಿದ್ದಳು. ಆಕೆ ಬರದಿದ್ದರೆ ನಮ್ಮನ್ನು ಎಬ್ಬಿಸುವವರಿಲ್ಲ ಎಂಬುದು ನಿಜ. ಆದರೆ ನಮ್ಮ ಅಸಹಾಯಕತೆಯ ಬೆಲೆಯನ್ನು ಆಕೆಯೊಬ್ಬಳೇ ತೆರುತ್ತಿದ್ದುದೂ ಅಷ್ಟೇ ನಿಜ. ಮಹಾರಾಷ್ಟ್ರದಲ್ಲಿ ಮನೆಗೆಲಸದವರ ಕಲ್ಯಾಣ ಮಂಡಳಿಗೆಂದು 2008ರಲ್ಲೇ ಕಾಯ್ದೆಯಾಗಿತ್ತು. ನಮ್ಮ ಕಾಯ್ದೆಯ ಕಲಮುಗಳನ್ನು ಬಾಯಿಪಾಠ ಮಾಡಿದ ನಾವು ಅದನ್ನೊಮ್ಮೆ ತೆರೆದೂ ನೋಡಿರಲಿಲ್ಲ.

ಪಿಂಚಣಿಯ ಲೆಕ್ಕ ಹಾಕಿ ಭಾನುವಾರಕ್ಕೆ ಇನ್ನೊಬ್ಬ ಹೆಂಗಸನ್ನು ಗೊತ್ತುಮಾಡಿದೆವು. ಶನಿವಾರವಿಡೀ ತಂಗಿಯೇ ಆಕೆಗೆ ಪಾಠ ಹೇಳಿದಳು: ಕಂಕುಳಲ್ಲಿ ಕೈ ಹಾಕಿ ಎಳೆಯಬಾರದು, ಮೊದಲು ಕುರ್ಚಿಯ ಬ್ರೇಕು ಹಾಕಬೇಕು, ‘ಏಳಿಸಲೇ?’ ಎಂದು ಅಕ್ಕಾರನ್ನು ಕೇಳಿಯೇ ಮುಟ್ಟಬೇಕು. ಮೊದಲ ಭಾನುವಾರ ನಮಗೆ ಭಯ, ಹೊಸಬಳಿಗೆ ಇನ್ನೂ ಭಯ. ಸ್ನಾನಕ್ಕೆ ಒಂದೂವರೆ ಗಂಟೆ ಹಿಡಿಯಿತು. ಆದರೂ ದಿನ ಕಳೆಯಿತು. ಮನವಿಯಲ್ಲಿ ಒಂದು ಪುಟ ಹೆಚ್ಚಾಯಿತು: ಭತ್ಯೆಯ ಜೊತೆಗೆ ಆರೈಕೆ ಮಾಡುವವರಿಗೆ ವಾರದ ರಜೆ, ರಜೆಯ ದಿನ ಬದಲಿ ನೆರವು.

ಮರುವರ್ಷ ಆಕೆ ಜಾತ್ರೆಗೆ ಹೋದಳು. ಅಂಗವಿಕಲರ ಜೊತೆ ಪ್ರಯಾಣಿಸುವ ಒಬ್ಬರಿಗೂ ರೈಲ್ವೆ ರಿಯಾಯಿತಿ ಇರುವುದರಿಂದ, “ನಾವೂ ಬಂದರೆ ನಿನಗೆ ಟಿಕೇಟು ಅಗ್ಗ” ಎಂದು ತಮಾಷೆ ಮಾಡಿದೆವು. ಆಕೆ ನಕ್ಕು, “ಬ್ಯಾಡ್ರಿ ಅಕ್ಕಾರ, ಪೂರಾ ರೊಕ್ಕ ಕೊಟ್ಟೇ ಹೋಗ್ತೀನಿ” ಎಂದಳು. ಕಲ್ಯಾಣದಲ್ಲಿ ರೈಲು ಹತ್ತಿ ಹೋದವಳು ಐದನೆಯ ದಿನ ಬತ್ತಾಸಿನ ಪೊಟ್ಟಣ ಹಿಡಿದು ಬಂದಳು. ಮರುದಿನ ನವಿಮುಂಬಯಿಯಲ್ಲಿ ಅಳತೆಯ ಕೆಲಸವಿತ್ತು. ಟೇಪನ್ನು ಆಕೆಯೇ ನೆನಪಿನಿಂದ ಚೀಲಕ್ಕೆ ಹಾಕಿಕೊಂಡಳು.